ಡಬ್ಬಿಯ ಮೇಲಿನ ಕೆಂಪು ಗೆರೆ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ವರ್ಷಾನುಗಟ್ಟಲೆ ಆಳೆತ್ತರದ ಪಾತ್ರೆಗಳಿಗೆ ಸೌಟು ಹಾಕಿ ತಿರುವಿದ ಹೆಂಗಸು, ನಿವೃತ್ತಿಯಾಯಿತೆಂದು ಮಗಳ ಮನೆಯ ಮೂಲೆಯಲ್ಲಿ ತೆಪ್ಪಗೆ ಕೂರುತ್ತಾಳೆಯೇ? ನೀವು ಅವಳನ್ನು ನೋಡಿಲ್ಲ, ಅದಕ್ಕೇ ಹಾಗಂದುಕೊಳ್ಳುತ್ತೀರಿ. ಬಂದ ವಾರದೊಳಗೇ "ನೀನು ನಿನ್ನ ಆಸ್ಪತ್ರೆ ನೋಡ್ಕೊಳೇ, ಒಲೆ ನನಗೆ ಬಿಡು" ಎಂದು ಮಗಳ ಕೈಯಿಂದ ಸೌಟು ಕಿತ್ತುಕೊಂಡಳು. ಮಗಳು ನರ್ಸ್. ಬೆಳಗ್ಗೆ ಹೋದರೆ ಬರುವುದು ಸಂಜೆಗೆ, ಬಂದ ಮೇಲೆ ಕಾಲು ಚಾಚಿದರೆ ಸಾಕೆನ್ನಿಸುತ್ತಿತ್ತು. ಅವಳೇನೂ ಸೌಟಿಗಾಗಿ ಜಗಳ ಆಡಲಿಲ್ಲ. ಅಂದಿನಿಂದ ಮನೆಗೂ ಬೀದಿಗೂ ಆಕೆ ಕ್ಯಾಂಟೀನಮ್ಮ.

ಕ್ಯಾಂಟೀನಮ್ಮ ಮಾಡಿದ ಮೊದಲ ಕೆಲಸ ಡಬ್ಬಿಗಳಿಗೆ ಗೆರೆ ಹಾಕಿದ್ದು. ಕ್ಯಾಂಟೀನಿನ ಉಗ್ರಾಣದಲ್ಲಿ ಪ್ರತಿ ಪೀಪಾಯಿಗೂ ಬಣ್ಣದ ಗೆರೆಗಳಿದ್ದವು. ಇಂಥ ವಾರಕ್ಕೆ ಸಾಮಾನು ಇಲ್ಲಿಗಿಳಿಯಬೇಕು, ಅದಕ್ಕಿಂತ ಕೆಳಗಿಳಿದರೆ ಯಾರೋ ಕೈ ಜಾರಿಸಿದ್ದಾರೆ ಎಂದೇ ಲೆಕ್ಕ. ಇಲ್ಲಿ ಬಣ್ಣ ಎಲ್ಲಿಂದ ಬರಬೇಕು? ಮೊಮ್ಮಗಳ ಕೆಂಪು ಉಗುರುಬಣ್ಣದ ಸೀಸೆಯನ್ನೇ ಎತ್ತಿಕೊಂಡು, ಬೇಳೆ, ಸಕ್ಕರೆ, ಚಹಾಪುಡಿಯ, ಒಳಗಿನದು ಕಾಣುವ ಪ್ಲಾಸ್ಟಿಕ್ ಡಬ್ಬಿಗಳ ಮೈಮೇಲೆಲ್ಲ ಗೆರೆ ಎಳೆದಳು. ಮೇಲಿನ ದಪ್ಪ ಗೆರೆ ತಿಂಗಳ ಆರಂಭಕ್ಕೆ, ಕೆಳಗಿನ ಸಣ್ಣ ಗೆರೆಗಳು ವಾರವಾರಕ್ಕೆ. "ಕಣ್ಣಿಗೇನು, ಹಸಿವಾದಾಗ ಎಲ್ಲಾ ಕಮ್ಮೀನೇ ಕಾಣುತ್ತೆ. ಗೆರೆ ಸುಳ್ಳು ಹೇಳಲ್ಲ" ಎಂದು ಮಗಳಿಗೆ ಪಾಠವನ್ನೂ ಹೇಳಿದಳು. ಮೊಮ್ಮಗಳು ತನ್ನ ಸೀಸೆ ಖಾಲಿಯಾಯಿತೆಂದು ಎರಡು ದಿನ ಮುಖ ಊದಿಸಿಕೊಂಡಿದ್ದಳು.

ಇನ್ನು ಅಳಿಯ. ಬಸ್ ಕಂಡಕ್ಟರ್. ಚಿಲ್ಲರೆ ವಿಷಯದಲ್ಲಿ ಪ್ರಯಾಣಿಕರಿಗೂ ಮೋಸ ಮಾಡಿದವನಲ್ಲ, ತಾನೂ ಮೋಸ ಹೋದವನಲ್ಲ ಎಂಬ ಜಂಬ ಅವನಿಗೆ ತಲೆತುಂಬಾ ಇತ್ತು. ಮನೆಯ ದಿನಸಿ ತರುವುದು ಅವನ ಪಾಲಿನ ಕೆಲಸ. ಅದರಲ್ಲಿ ಇನ್ನೊಬ್ಬರು ಮೂಗು ತೂರಿಸಿದರೆ ಅವನಿಗಾಗದು. ತಿಂಗಳ ಮೊದಲ ಭಾನುವಾರ ಅದೇ ಅಂಗಡಿ, ಅದೇ ಕಂಪನಿಯ ಅದೇ ಪ್ಯಾಕೆಟ್ಟುಗಳು. ತಂದವನೇ ಅಡುಗೆಮನೆಗೆ ನುಗ್ಗಿ, ಕತ್ತರಿಯಿಂದ ಮೂಲೆ ಕತ್ತರಿಸಿ, ತಾನೇ ಡಬ್ಬಿಗಳಿಗೆ ಸುರಿದು, ಖಾಲಿ ಕವರುಗಳನ್ನು ಕಸದ ಬುಟ್ಟಿಗೆ ತುರುಕಿ, ಕೈ ಕೊಡವಿಕೊಂಡರೆ ತಿಂಗಳ ಭಾರ ಇಳಿಯಿತೆಂದು ಅರ್ಥ. ಡಬ್ಬಿಯ ಮೇಲಿನ ಕೆಂಪು ಗೆರೆಗಳನ್ನು ಅವನೂ ನೋಡಿದ್ದ. ತನ್ನ ಪುಟ್ಟ ಮಗಳು ಆಡುತ್ತಾ ಬಳಿದದ್ದಿರಬೇಕು ಎಂದು ಸುಮ್ಮನಾಗಿದ್ದ.

ಅವನು ಸುರಿಯುವಾಗ ಕ್ಯಾಂಟೀನಮ್ಮ ಅಲ್ಲಿರುತ್ತಿರಲಿಲ್ಲ. ಅಳಿಯಂದಿರು ಒಳಗೆ ಬಂದರೆಂದರೆ ಅವಳು ಹಿಂಬಾಗಿಲ ಮೆಟ್ಟಿಲ ಮೇಲೆ. ಅವಳು ಕೂತಲ್ಲಿಗೆ ಅವನು ಬರುತ್ತಿರಲಿಲ್ಲ. ಏನಾದರೂ ಹೇಳುವುದಿದ್ದರೆ ಮಗಳ ಮೂಲಕ. ಅತ್ತೆ ಅಳಿಯರ ನಡುವೆ ಜಗಳವಿತ್ತೇ ಎಂದರೆ, ಛೇ, ಜಗಳವಾಗಿದ್ದರೆ ಎಷ್ಟೋ ವಾಸಿಯಿತ್ತು. ಅದಕ್ಕಿಂತ ಕೆಟ್ಟದ್ದೊಂದಿತ್ತು, ಮರ್ಯಾದೆ.

ಹೀಗಿರುವಾಗ ಬೆಲೆಗಳು ಏರತೊಡಗಿದವು. ಬೀದಿಯ ನಲ್ಲಿಯ ಹತ್ತಿರ, ಬಸ್ಸಿನಲ್ಲಿ, ಆಸ್ಪತ್ರೆಯ ವಾರ್ಡಿನಲ್ಲಿ ಎಲ್ಲರ ಬಾಯಲ್ಲೂ ಅದೇ ಗೋಳು. ಎಣ್ಣೆ ಮುಟ್ಟೋ ಹಾಗಿಲ್ಲ, ಬೇಳೆ ನೋಡೋ ಹಾಗಿಲ್ಲ. ಅಳಿಯ ಮಾತ್ರ ಡಿಪೋದಲ್ಲಿ ಕಾಲ ಮೇಲೆ ಕಾಲು ಹಾಕಿಕೊಂಡು, "ನಿಮಗೆ ಕೊಳ್ಳೋಕೆ ಬರಲ್ಲ ಅನ್ನಿ! ನಾನು ಹೋದ ವರ್ಷ ಎಷ್ಟು ಕೊಡ್ತಿದ್ನೋ ಈಗಲೂ ಅಷ್ಟೇ ಕೊಡ್ತೀನಿ. ಒಂದು ಕಾಸು ಹೆಚ್ಚಿಲ್ಲ. ಒಂದೇ ಕಂಪನಿ ಹಿಡ್ಕೊಂಡು ನಿಯತ್ತಾಗಿರಬೇಕು" ಎಂದು ಉಪದೇಶ ಮಾಡುತ್ತಿದ್ದ. ಡ್ರೈವರುಗಳು ಇವನೇನು ಮಾಟ ಕಲಿತಿದ್ದಾನೋ ಎಂದು ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಆದರೆ ಇತ್ತ ಅಡುಗೆಮನೆಯಲ್ಲಿ ಡಬ್ಬಿ ಬೇರೆಯೇ ಕತೆ ಹೇಳುತ್ತಿತ್ತು. ಒಂದು ಭಾನುವಾರ ಅಳಿಯ ಸುರಿದು ಹೋದ ಮೇಲೆ ಕ್ಯಾಂಟೀನಮ್ಮ ಬೇಳೆ ಡಬ್ಬಿ ತೆಗೆದು ನೋಡಿದಳು. ಬೇಳೆ ಮೇಲಿನ ಗೆರೆ ಮುಟ್ಟಿರಲಿಲ್ಲ, ಒಂದು ಬೆರಳು ಕೆಳಗೇ ನಿಂತಿತ್ತು. ಚಹಾಪುಡಿಯದ್ದೂ ಅದೇ ಪಾಡು. ಅಯ್ಯೋ ಪಾಪ, ಅಳಿಯಂದಿರ ಕೈ ಸಾಲುತ್ತಿಲ್ಲ, ಬಾಯಿಬಿಟ್ಟು ಹೇಳಲಾರದೆ ಕಡಿಮೆ ತರುತ್ತಿದ್ದಾರೆ ಎಂದುಕೊಂಡಳು. ಕೇಳೋಣವೆಂದರೆ ಮರ್ಯಾದೆ ಅಡ್ಡ ಬಂತು. ಗಂಡಸಿನ ಜೇಬಿನ ವಿಷಯ, ಅದೂ ಅಳಿಯನ ಜೇಬು. ಮಗಳಿಗೂ ಹೇಳಲಿಲ್ಲ. ಹೇಳಿದರೆ ಗಂಡ ಹೆಂಡಿರ ನಡುವೆ ಮಾತು ಬೆಳೆದೀತು.

ಬದಲಿಗೆ ಸೊಂಟ ಕಟ್ಟಿ ನಿಂತಳು. ಬೇಳೆಯನ್ನು ಬೆಳಗ್ಗೆಯೇ ನೆನೆಸಿಟ್ಟು ಬೇಯಿಸಿದಳು, ಅರ್ಧ ಉರಿ ಉಳಿಯಿತು. ಸಂಜೆ ತರಕಾರಿ ಗಾಡಿಯವನು ಮನೆಗೆ ಹೊರಡುವ ಹೊತ್ತಿಗೆ ಹೋಗಿ ಉಳಿದದ್ದನ್ನು ಚೌಕಾಸಿ ಮಾಡಿ ತಂದಳು. ಸೊಪ್ಪಿನ ದಂಟನ್ನೂ ಬಿಡಲಿಲ್ಲ. ನೂರಾರು ಜನರಿಗೆ ಉಣಬಡಿಸಿದ ಕೈಗೆ ನಾಲ್ಕು ತಟ್ಟೆ ತುಂಬಿಸುವುದು ನೀರು ಕುಡಿದಷ್ಟು ಸುಲಭ. ತಿಂಗಳ ಕೊನೆಯ ಹೊತ್ತಿಗೆ ಮಾತ್ರ, ಎಷ್ಟೇ ಜಗ್ಗಾಡಿದರೂ, ಬೇಳೆಯ ಡಬ್ಬಿ ತಳ ಕಾಣಿಸುತ್ತಿತ್ತು. ಆಗ ಮಗಳ ಮೂಲಕ ಅಳಿಯನಿಗೆ ಸುದ್ದಿ ಹೋಗುತ್ತಿತ್ತು, "ಬೇಳೆ ಮುಗೀತಂತೆ."

ಮೊದಲ ಸಲ ಅಳಿಯ ಹೋಗಿ ಒಂದು ಸಣ್ಣ ಪೊಟ್ಟಣ ತಂದುಹಾಕಿದ. ಎರಡನೇ ಸಲ ಹುಬ್ಬು ಗಂಟಿಕ್ಕಿದ. ಮೂರನೇ ಸಲ ಅವನ ತಲೆಯಲ್ಲಿ ಹುಳ ಹೊಕ್ಕಿತು. ತಾನು ತರುವುದು ಯಾವತ್ತಿನಷ್ಟೇ. ಉಣ್ಣುವವರು ಅಷ್ಟೇ ಜನ. ಹಾಗಾದರೆ ಬೇಳೆಗೆ ಕಾಲು ಬಂತೇ? ಬಂದಿದ್ದರೆ ಅದು ನಡೆದು ಹೋಗುವುದು ಎಲ್ಲಿಗೆ? ಎರಡು ಬೀದಿ ಆಚೆ ಕ್ಯಾಂಟೀನಮ್ಮನ ಮಗನ ಮನೆ. ಅವನ ಕಾರ್ಖಾನೆಯಲ್ಲಿ ಪಾಳಿ ಕಡಿತವಾಗಿ ಅರ್ಧ ಸಂಬಳ, ಎರಡು ಸಣ್ಣ ಮಕ್ಕಳು. ಅತ್ತೆ ದಿನಾ ಮಧ್ಯಾಹ್ನ ಮೊಮ್ಮಕ್ಕಳನ್ನು ನೋಡಿಬರುತ್ತಾಳೆ, ಸೆರಗು ಹೊದ್ದುಕೊಂಡು. ಸೆರಗಿನಡಿ ಏನಿದೆಯೋ ಕಂಡವರಾರು?

ಒಂದು ಶನಿವಾರ ಮಧ್ಯಾಹ್ನ ಕ್ಯಾಂಟೀನಮ್ಮ ಮಗನ ಮನೆಯಿಂದ ಬಂದು ನೋಡುತ್ತಾಳೆ, ಸಾಮಾನಿನ ಕಪಾಟಿಗೆ ಹಿತ್ತಾಳೆಯ ಒಂದು ಪುಟ್ಟ ಬೀಗ ನೇತಾಡುತ್ತಿದೆ.

ಅಂದು ಮಗಳಿಗೆ ರಜೆ. ಅವಳು ಬಾಗಿಲ ಹತ್ತಿರ ನಿಂತು ಸೆರಗಿನ ತುದಿ ತಿರುಚುತ್ತಿದ್ದಳು.

"ಇದೇನೇ ಇದು?"

"ಇಲಿ ಕಾಟ ಅಮ್ಮ... ಅದಕ್ಕೆ ಅವ್ರು..."

"ಇಲಿಗೆ ಬೀಗ ಹಾಕ್ತಾರೇನೇ? ಇಲಿ ಏನು ಬಾಗಿಲ ಹಿಡಿ ತಿರುಗಿಸ್ಕೊಂಡು ಒಳಗೆ ಹೋಗುತ್ತಾ?"

ಮಗಳು ಅಳುವುದಕ್ಕೆ ಶುರುಮಾಡಿದಳು. ಅಳುತ್ತಳುತ್ತ ಎಲ್ಲ ಹೊರಗೆ ಬಂತು. ಅಣ್ಣನ ಮನೆ, ಸೆರಗು, ಅನುಮಾನ. "ನಾನು ಅವ್ರಿಗೆ ಹೇಳ್ದೆ ಅಮ್ಮ, ನಮ್ಮಮ್ಮ ಅಂಥವಳಲ್ಲ ಅಂತ. ಅವ್ರು ನನ್ನನ್ನೇ ಕೇಳಿದ್ರು, ಹಾಗಾದ್ರೆ ತಂದ ಸಾಮಾನು ಎಲ್ಲಿ ಹೋಗುತ್ತೆ ಅಂತ. ನಾನೇನು ಹೇಳ್ಲಿ? ಅವ್ರೇನೂ ಕಮ್ಮಿ ತರ್ತಿಲ್ಲ. ಅದೇ ಎರಡು ದೊಡ್ಡ ಪ್ಯಾಕೆಟ್ ಬೇಳೆ, ಅದೇ ರೇಟು."

ಕಳ್ಳಿ! ಕ್ಯಾಂಟೀನಿನ ಉಗ್ರಾಣದ ಬೀಗದ ಕೈಗೊಂಚಲು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗಿದವಳು, ಒಂದು ಚಮಚ ಸಕ್ಕರೆ ಆಚೆ ಈಚೆ ಮಾಡದವಳು, ಈಗ ಮಗಳ ಮನೆಯಲ್ಲಿ ಕಳ್ಳಿ. ಸಿಟ್ಟು ನೆತ್ತಿಗೇರಿತು. ಪೆಟ್ಟಿಗೆ ಕಟ್ಟಿಕೊಂಡು ಹೊರಟುಬಿಡಲೇ ಎನ್ನಿಸಿತು. ಆದರೆ ಹೋಗುವುದೆಲ್ಲಿಗೆ? ಮಗನ ಮನೆಗೇ ತಾನೇ? ಹೋದರೆ, ನೋಡಿ, ಗುಮಾನಿ ನಿಜವಾಯಿತು ಎನ್ನುತ್ತಾರೆ. ಹೊರಟುಹೋಗುವುದು ಕಳ್ಳರ ಕೆಲಸ, ನಾನ್ಯಾಕೆ ಹೋಗಲಿ ಎಂದುಕೊಂಡು ಮುಖ ತೊಳೆದುಕೊಂಡಳು.

ತಣ್ಣೀರು ಮುಖಕ್ಕೆ ಬಿದ್ದ ಮೇಲೆ ತಲೆ ಓಡಿತು. ಮಗಳ ಮಾತಿನಲ್ಲೇ ಒಂದು ಗಂಟಿತ್ತು. ಅಳಿಯಂದಿರು ಕಡಿಮೆ ತರುತ್ತಿಲ್ಲ. ಹಾಗಾದರೆ ಅವರು ಸುರಿದು ಎದ್ದುಹೋದ ಗಳಿಗೆಯಲ್ಲೇ, ಇನ್ನೂ ಯಾರ ಕೈಯೂ ಸೋಕದ ಡಬ್ಬಿಯಲ್ಲಿ, ಬೇಳೆ ಗೆರೆಯ ಕೆಳಗೇಕೆ ನಿಲ್ಲುತ್ತದೆ?

ಸಂಜೆ ಅಳಿಯ ಡ್ಯೂಟಿ ಮುಗಿಸಿ ಬಂದು ಕುರ್ಚಿಯಲ್ಲಿ ಕೂತು ಚಹಾ ಕುಡಿಯುತ್ತಿದ್ದ. ಕ್ಯಾಂಟೀನಮ್ಮ ನೆಟ್ಟಗೆ ಬಂದು, ಈವರೆಗೆ ಎಂದೂ ಕೂರದ ಎದುರು ಕುರ್ಚಿಯಲ್ಲಿ ಕೂತೇಬಿಟ್ಟಳು. ಅಳಿಯನಿಗೆ ಚಹಾ ನೆತ್ತಿಗೇರಿ ಕೆಮ್ಮು ಬಂತು.

"ಅಳಿಯಂದ್ರೇ, ನಾಳೆ ಅಂಗಡಿಗೆ ನಾನೂ ಬರ್ತೀನಿ."

"ಅತ್ತೆ... ನೀವ್ಯಾಕೆ ಸುಮ್ನೆ... ಬಿಸಿಲು..."

"ಬಿಸಿಲಿಗೆ ಕರಗೋ ಮೈಯಲ್ಲ ಇದು. ಬರ್ತೀನಿ ಅಂದ್ರೆ ಬರ್ತೀನಿ."

ಕಡ್ಡಿ ಮುರಿದಂತೆ ಹೇಳಿ ಎದ್ದುಹೋದಳು. ಅಂದು ರಾತ್ರಿ ಮಗಳು ಬೀಗ ತೆರೆದು ಕೊಟ್ಟ ಸಾಮಾನಿನಲ್ಲಿ ಅಡುಗೆ ಮಾಡಿ ಬಡಿಸಿದಳು, ತಾನು ಮಾತ್ರ ತಟ್ಟೆ ಹಾಕಿಕೊಳ್ಳಲಿಲ್ಲ. ಮಗಳು ಕರೆದರೆ, "ಬೀಗ ಹಾಕಿದ ಅನ್ನ ನನಗೆ ಇಳಿಯಲ್ಲಮ್ಮ" ಎಂದಳು. ಅದು ಹೊರಗಿನ ಕೋಣೆಗೂ ಕೇಳಿಸುವಷ್ಟು ಜೋರಾಗಿಯೇ ಇತ್ತು.

ಭಾನುವಾರ ಬೆಳಗ್ಗೆ ಬೀದಿಯ ಜನ ಮೂಗಿನ ಮೇಲೆ ಬೆರಳಿಟ್ಟುಕೊಂಡು ನೋಡಿದರು. ಮುಂದೆ ಮುಂದೆ ಚೀಲ ಹಿಡಿದ ಕಂಡಕ್ಟರ್, ಹಿಂದೆ ಖಾಲಿ ಬೇಳೆ ಡಬ್ಬಿಯನ್ನು ಮಗುವಿನ ಹಾಗೆ ಸೊಂಟದ ಮೇಲೆ ಕೂರಿಸಿಕೊಂಡ ಕ್ಯಾಂಟೀನಮ್ಮ. ಡಬ್ಬಿ ಯಾಕೆಂದು ಕೇಳುವ ಧೈರ್ಯ ಅಳಿಯನಿಗಿರಲಿಲ್ಲ.

ಅಂಗಡಿಯಲ್ಲಿ ತಿಂಗಳ ಮೊದಲ ಭಾನುವಾರದ ಜಾತ್ರೆಯಂಥ ಗದ್ದಲ. ಎಲ್ಲರೂ ರೇಟು ಕೇಳಿ ಅಂಗಡಿಯವನನ್ನು ಬಯ್ಯುತ್ತಿದ್ದರು. "ಬನ್ನಿ ಕಂಡಕ್ಟರ್ ಸಾರ್, ನಿಮ್ಮದೇ ಪುಣ್ಯ, ನಿಮ್ಮ ಮಾಮೂಲು ಸಾಮಾನಿಗೆ ಅದೇ ರೇಟು" ಎಂದು ಅಂಗಡಿಯವನು ಎರಡು ದೊಡ್ಡ ಬೇಳೆ ಪ್ಯಾಕೆಟ್ ಮುಂದಿಟ್ಟ. ಅಳಿಯ ಎದೆಯುಬ್ಬಿಸಿ ಸುತ್ತ ನೋಡಿ ದುಡ್ಡು ಕೊಟ್ಟ.

"ದುಡ್ಡು ಕೊಟ್ಟಾಯ್ತಲ್ಲ, ಈಗ ಇದು ನಮ್ಮದು" ಎಂದಳು ಕ್ಯಾಂಟೀನಮ್ಮ. "ಒಂದು ಕತ್ತರಿ ಕೊಡಪ್ಪ."

ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಡಬ್ಬಿ ಇಟ್ಟು, ಎರಡೂ ಪ್ಯಾಕೆಟ್ ಕತ್ತರಿಸಿ, ಒಂದು ಕಾಳೂ ಚೆಲ್ಲದ ಹಾಗೆ ಸುರಿದಳು. ಡಬ್ಬಿಯನ್ನು ಎತ್ತಿ ಎತ್ತಿ ಕುಟ್ಟಿದಳು. ಬೇಳೆ ಸಮನಾಗಿ ಕೂತಿತು, ಕೆಂಪು ಗೆರೆಯ ಒಂದು ಬೆರಳು ಕೆಳಗೆ.

"ನೋಡಿ ಅಳಿಯಂದ್ರೇ. ಈ ಗೆರೆ ನಾನು ಎಳೆದದ್ದು. ನಾನು ಬಂದ ಹೊಸತರಲ್ಲಿ ಇದೇ ಎರಡು ಪ್ಯಾಕೆಟ್ ಸುರಿದ್ರೆ ಸರಿಯಾಗಿ ಇಲ್ಲಿಗೆ ಬರ್ತಿತ್ತು. ಈಗ ಇಲ್ಲಿ ಯಾರು ತಿಂದ್ರು? ಇಲಿನಾ?"

ಅಳಿಯ ಒಂದು ಸಲ ಡಬ್ಬಿ ನೋಡಿದ, ಒಂದು ಸಲ ಖಾಲಿ ಕವರು ನೋಡಿದ. ಅಂಗಡಿಯವನು ತಲೆ ಕೆರೆದುಕೊಂಡು, ಕನ್ನಡಕ ಮೂಗಿಗೇರಿಸಿ, ಕವರಿನ ಹಿಂಬದಿಯ ಮೂಲೆಯಲ್ಲಿ ಇರುವೆ ಕಾಲಿನಷ್ಟು ಸಣ್ಣ ಅಕ್ಷರಗಳನ್ನು ತೋರಿಸಿದ. "ತೂಕ ಇಳಿಸಿದಾರೆ ಅಮ್ಮ, ಕಂಪನಿಯೋರು. ಆಗಲೇ ಎರಡು ಸಲ ಆಯ್ತು. ರೇಟು ಏರಿಸಿದ್ರೆ ಜನ ಬಯ್ತಾರೆ, ತೂಕ ಇಳಿಸಿದ್ರೆ ಯಾರಿಗೂ ಗೊತ್ತಾಗಲ್ಲ. ಬರೆದಿರ್ತಾರೆ, ಓದೋರು ಯಾರು?"

ಎಲ್ಲರ ಕಣ್ಣೂ ಅಳಿಯನ ಮೇಲೆ. ಒಂದು ಕಾಸೂ ಹೆಚ್ಚು ಕೊಡುವುದಿಲ್ಲವೆಂದು ಊರಿಗೆಲ್ಲ ಸಾರಿದವನು, ಚಿಲ್ಲರೆಯಲ್ಲಿ ಯಾರೂ ತನಗೆ ಟೋಪಿ ಹಾಕಲಾರರೆಂದವನು, ಇಂಗು ತಿಂದ ಮಂಗನಂತೆ ನಿಂತಿದ್ದ. ಅವನ ಮುಖದಲ್ಲಿ ಬೀಗವೂ ಕಾಣುತ್ತಿತ್ತು, ನಿನ್ನೆ ಅತ್ತೆ ಉಣ್ಣದೆ ಮಲಗಿದ್ದೂ ಕಾಣುತ್ತಿತ್ತು.

ಕ್ಯಾಂಟೀನಮ್ಮನ ನಾಲಿಗೆಯ ತುದಿಯಲ್ಲಿ ಎಷ್ಟು ಮಾತುಗಳಿದ್ದವೋ! ಒಂದನ್ನು ಆಡಿದ್ದರೂ ಸಾಕಿತ್ತು, ಅಳಿಯ ಮತ್ತೆ ಆ ಬೀದಿಯಲ್ಲಿ ತಲೆಯೆತ್ತಿ ನಡೆಯುತ್ತಿರಲಿಲ್ಲ. ಅವಳಿಗೆ ಅದು ಬೇಕೂ ಇತ್ತು, ಸುಳ್ಳೇಕೆ ಹೇಳಲಿ. ಅವನ ಕೈ ಚೀಲದ ಹಿಡಿಯನ್ನು ಹಿಂಡುತ್ತಿರುವುದನ್ನು ನೋಡಿದಳು. ಮಾತು ಬೇರೆಯೇ ಹೊರಬಂತು.

"ನಮ್ಮ ಅಳಿಯಂದ್ರಿಗೆ ಮೊದಲೇ ಅನುಮಾನ ಬಂದಿತ್ತು" ಎಂದಳು, ಕ್ಯಾಂಟೀನಿನಲ್ಲಿ ಕೊನೆಯ ಸಾಲಿಗೂ ಕೇಳಿಸುತ್ತಿದ್ದ ಗಂಟಲಿನಲ್ಲಿ. "ಡಬ್ಬಿ ತಗೊಂಡು ಬನ್ನಿ ಅತ್ತೆ, ಎಲ್ಲರ ಎದುರೇ ನೋಡಿಬಿಡೋಣ ಅಂತ ಅವರೇ ಕರ್ಕೊಂಡು ಬಂದ್ರು. ನೀವೂ ನೋಡ್ಕೊಳ್ಳಿ, ಎಲ್ಲಾ ಪ್ಯಾಕೆಟ್ಟೂ ನೋಡ್ಕೊಳ್ಳಿ!"

ಅಷ್ಟೇ ಬೇಕಾಗಿತ್ತು. ಒಬ್ಬಾಕೆ ಚಹಾಪುಡಿಯನ್ನು ತಿರುಗಿಸಿ ಓದಿದಳು, ಇನ್ನೊಬ್ಬಾಕೆ ಬಿಸ್ಕತ್ತಿನ ಪೊಟ್ಟಣವನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು, ಮುದುಕರೊಬ್ಬರು ಸೋಪು ಮೂಸಿ, "ಅದಕ್ಕೇ ನಾನು ಬೇಗ ಕೊಳೆಯಾಗ್ತಿದೀನಿ" ಎಂದರು. ಗದ್ದಲ ಮುಗಿಲಿಗೆ ಹೋಯಿತು. ಆ ಗದ್ದಲದಲ್ಲೇ ಅತ್ತೆ ಅಳಿಯ ಹೊರಗೆ ಬಂದರು. ಡಬ್ಬಿ ಈಗ ಅಳಿಯನ ಹೆಗಲ ಮೇಲಿತ್ತು.

ತಿರುವಿನ ಗೋಡೆಯ ನೆರಳಿಗೆ ಬಂದಾಗ ಕ್ಯಾಂಟೀನಮ್ಮ ನಿಂತಳು. "ಅಲ್ಲಿ ನಿಮ್ಮ ಮಾನ ಉಳಿಸಿದೆ. ಇಲ್ಲಿ ಉಳಿಸಲ್ಲ, ಕೇಳಿಸ್ಕೊಳ್ಳಿ" ಎಂದಳು. "ನನ್ನ ಮಗನ ಮನೆ ಪರಿಸ್ಥಿತಿ ನನಗೆ ಗೊತ್ತಿಲ್ವಾ? ಆ ಮಕ್ಕಳ ತಟ್ಟೇಲಿ ಏನಿರುತ್ತೆ ಅಂತ ದಿನಾ ನೋಡ್ಕೊಂಡು ಬರ್ತೀನಿ. ಎಷ್ಟೋ ದಿನ ಇದೇ ಡಬ್ಬಿಯಿಂದ ಒಂದು ಹಿಡಿ ತೆಗೆದು ಕಾಗದದಲ್ಲಿ ಕಟ್ಟಿದೀನಿ. ಕಟ್ಟಿ, ಬಿಚ್ಚಿ, ವಾಪಸ್ ಹಾಕಿದೀನಿ. ನಿಮ್ಮನ್ನ ಕೇಳದೆ ಒಂದು ಕಾಳೂ ಹೊಸಿಲು ದಾಟಬಾರದು ಅಂತ. ವಾಪಸ್ ಹಾಕುವಾಗ ನನ್ನ ಹೊಟ್ಟೆ ಎಷ್ಟು ಉರೀತಿತ್ತು ಅಂತ ನನಗೊಬ್ಬಳಿಗೇ ಗೊತ್ತು. ಅಂಥವಳಿಗೆ ನೀವು ಬೀಗ ತೋರಿಸಿದ್ರಿ."

ಅಳಿಯ ಡಬ್ಬಿಯನ್ನು ಈ ಹೆಗಲಿಂದ ಆ ಹೆಗಲಿಗೆ ಬದಲಿಸಿದ. "ತಪ್ಪಾಯ್ತು ಅತ್ತೆ. ನೇರ ಕೇಳಿದ್ರೆ ನೀವು ನೊಂದ್ಕೋತೀರಿ ಅಂತ..."

"ಬೀಗ ಹಾಕಿದ್ರೆ ನೊಂದ್ಕೊಳ್ಳಲ್ವಾ? ಸರಿ ಬಿಡಿ, ನನ್ನದೂ ಅದೇ ಕತೆ. ಡಬ್ಬಿ ತುಂಬ್ತಿಲ್ಲ ಅಂತ ಎಷ್ಟೋ ತಿಂಗಳಿಂದ ನೋಡ್ತಿದೀನಿ. ನಿಮ್ಮ ಹತ್ರ ದುಡ್ಡಿಲ್ಲ, ಕಮ್ಮಿ ತರ್ತಿದೀರಿ ಅಂದ್ಕೊಂಡು ಸುಮ್ಮನಿದ್ದೆ."

"ನನ್ನ ಹತ್ರ ದುಡ್ಡಿಲ್ವಾ?" ಅಳಿಯನಿಗೆ ಕಳ್ಳತನದ ಮಾತಿಗಿಂತ ಇದೇ ಹೆಚ್ಚು ಚುಚ್ಚಿತು. ಅವನ ಮುಖ ನೋಡಿ ಕ್ಯಾಂಟೀನಮ್ಮನಿಗೆ, ಅಷ್ಟು ಸಿಟ್ಟಿನಲ್ಲೂ, ನಗು ತಡೆಯಲಾಗಲಿಲ್ಲ. ಅವನೂ ಬೆಪ್ಪಾಗಿ ನಕ್ಕ. ನಗುವಾಗ ಡಬ್ಬಿ ವಾಲಿ ಒಂದಿಷ್ಟು ಬೇಳೆ ಅವನ ಕಾಲರಿನೊಳಗೆ ಹೋಯಿತು. "ಚೆಲ್ಲಬೇಡಿ, ಮೊದಲೇ ಕಮ್ಮಿ ಇದೆ" ಎಂದು ಅವಳು ಗದರಿದಳು.

ಮನೆಗೆ ಬಂದವನೇ ಅಳಿಯ ಬೀಗ ಬಿಚ್ಚಿ ತನ್ನ ಸೈಕಲ್ಲಿಗೆ ಹಾಕಿದ. ಕ್ಯಾಂಟೀನಮ್ಮ ಅಂದು ಎರಡು ಸಲ ಬಡಿಸಿಕೊಂಡು ಉಂಡಳು.

ಆಮೇಲೆ ಇಬ್ಬರೂ ಎದುರುಬದುರು ಕೂತು ಮಾತಾಡಿದರು, ನಡುವೆ ಮಗಳ ದಲ್ಲಾಳಿತನವಿಲ್ಲದೆ. ಬೆಲೆ ಏರಿದೆ, ಎಲ್ಲರ ಮನೆಗೂ ಏರಿದೆ, ನಮ್ಮ ಮನೆಗೂ ಏರಿದೆ ಎಂದು ಅಳಿಯ ಬಾಯಿಬಿಟ್ಟು ಒಪ್ಪಿದ. ಅವನ ಬಸ್ಸಿನ ಕೊನೆಯ ನಿಲ್ದಾಣದ ಪಕ್ಕದಲ್ಲೇ ಸಗಟು ಮಂಡಿಯಿತ್ತು. ದಿನಾ ಅದರ ಮುಂದೆ ನಿಂತು ಬೀಡಾ ಜಗಿಯುತ್ತಿದ್ದನೇ ಹೊರತು ಒಳಗೆ ಕಾಲಿಟ್ಟಿರಲಿಲ್ಲ. ಕ್ಯಾಂಟೀನಮ್ಮ ಅಕ್ಕಪಕ್ಕದ ನಾಲ್ಕು ಮನೆಯವರನ್ನು ಒಟ್ಟು ಮಾಡಿದಳು. ಎಲ್ಲರೂ ಸೇರಿ ಮೂಟೆಗಟ್ಟಲೆ ತರುವುದು, ಅಂಗಳದಲ್ಲಿ ತಕ್ಕಡಿ ಹಿಡಿದು ಹಂಚಿಕೊಳ್ಳುವುದು. ತಕ್ಕಡಿ ಹಿಡಿಯುವವಳು ಯಾರೆಂದು ಹೇಳಬೇಕಾಗಿಲ್ಲ. ಬೆಲೆಯೇನೂ ಇಳಿಯಲಿಲ್ಲ, ಆದರೆ ಕೊಟ್ಟ ದುಡ್ಡಿಗೆ ಸರಿಯಾಗಿ ಕಾಳು ಬಂತು. ಅಳಿಯ ಬೀಡಾ ಬಿಟ್ಟ. ಬಿಟ್ಟೆನೆಂದು ಡಿಪೋದಲ್ಲಿ ಅದಕ್ಕೂ ಒಂದು ಉಪದೇಶ ಶುರುಮಾಡಿದ, ಆ ಮಾತು ಬೇರೆ.

ಮುಂದಿನ ತಿಂಗಳ ಮೊದಲ ಭಾನುವಾರ. ಅಳಿಯ ಬಟ್ಟೆಯ ಚೀಲ ಹೊತ್ತು ಅಡುಗೆಮನೆಗೆ ಬಂದ. ಕ್ಯಾಂಟೀನಮ್ಮ ಈ ಸಲ ಹಿಂಬಾಗಿಲಿಗೆ ಹೋಗಲಿಲ್ಲ, ಸೊಂಟದ ಮೇಲೆ ಕೈಯಿಟ್ಟು ಅಲ್ಲೇ ನಿಂತಳು. ಬೇಳೆ ಗೆರೆ ಮುಟ್ಟಿತು. ಚೀಲದಲ್ಲಿ ಇನ್ನೂ ಉಳಿದಿತ್ತು. ಅಳಿಯ ಜೇಬಿನಿಂದ ತನ್ನ ಪುಟ್ಟ ಮಗಳ ಉಗುರುಬಣ್ಣದ ಹೊಸ ಸೀಸೆ ತೆಗೆದು, ನಾಲಿಗೆ ಹೊರಚಾಚಿಕೊಂಡು, ಹಳೆಯ ಗೆರೆಯ ಮೇಲೆ ಇನ್ನೊಂದು ಗೆರೆ ಎಳೆದ.

"ಇದೇನಿದು ಅಳಿಯಂದ್ರೇ?"

"ಬೆಳಗ್ಗೆ ನಿಮ್ಮ ಮಗನ ಮನೆಗೆ ಹೋಗಿದ್ದೆ ಅತ್ತೆ. ಇನ್ಮೇಲೆ ಭಾನುವಾರ ಅವರೆಲ್ಲರ ಊಟ ಇಲ್ಲೇ ಅಂತ ಹೇಳಿ ಬಂದಿದೀನಿ. ಇವತ್ತಿಂದಲೇ. ಅದಕ್ಕೆ ಗೆರೆ ಮೇಲೆ ಹೋಯ್ತು."

ಕ್ಯಾಂಟೀನಮ್ಮ ಡಬ್ಬಿಯ ಹತ್ತಿರ ಬಗ್ಗಿ ತುಂಬ ಹೊತ್ತು ನೋಡಿದಳು. ಕಣ್ಣು ತುಂಬಿ ಬಂದದ್ದಕ್ಕೆ ಗೆರೆ ಎರಡೆರಡಾಗಿ ಕಾಣುತ್ತಿತ್ತು. "ಸೊಟ್ಟಗೆಳೆದಿದೀರಿ" ಎಂದಳು. ಆಮೇಲೆ ಚೀಲದಲ್ಲಿದ್ದದ್ದನ್ನು ಹೊಸ ಗೆರೆಯವರೆಗೆ ಸುರಿದು, ಡಬ್ಬಿಯನ್ನು ಕುಟ್ಟಿ ಕೂರಿಸಿ, ನೆನೆಸುವ ಪಾತ್ರೆಗೆ ದಿನದಷ್ಟು ಅಳೆದು ಹಾಕಿದಳು. ಮತ್ತೆ ಕೈ ಹಾಕಿ ಇನ್ನೊಂದು ಹಿಡಿ ತೆಗೆದಳು. ಈ ಸಲ ಅದನ್ನು ವಾಪಸ್ ಹಾಕಲಿಲ್ಲ.